ಎಲುಬಿನ ಬ್ಯಾನಿಯನ್ನು ಉಪೇಕ್ಷಿಸದಿರಿ

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ಮಹಾಜನರಲ್ಲಿ ವಿಜ್ಞಾಪನೆ.

ಡಯಾಲಿಸಿಸ್ಸಿಗೆಂದು ವಾರವಾರವೂ ಊರಿಂದೂರಿಗೆ ಅಲೆಯುವ ನಮ್ಮ ಬಂಧುಗಳು ಬಸ್ಸಿನ ಮೆಟ್ಟಿಲೇರುವಾಗ, ತೊಡೆಯಲ್ಲಿ ತ್ರಾಣವಿಲ್ಲದೆ, ಕಾಲನ್ನು ಎರಡೂ ಕೈಯಿಂದ ಎತ್ತಿಟ್ಟುಕೊಳ್ಳುವುದನ್ನು ಕಂಡೂ, 'ವಯಸ್ಸಾತು, ವಾಯು ಹಿಡದೈತಿ' ಎಂದೋ 'ನಮ್ಮ ಬೋರಿನ ನೀರೇ ಹಂಗ' ಎಂದೋ ಸಮಾಧಾನ ಹೇಳಿ ಸುಮ್ಮನಾಗುವುದು ನಮಗೆ ರೂಢಿಯಾಗಿದೆ. ಈ ರೂಢಿಯನ್ನು ತೊರೆಯಬೇಕೆಂಬುದೇ ನನ್ನ ಪ್ರಾರ್ಥನೆ.

ಈ ಬ್ಯಾನಿಯ ಮೂಲ ಬೇರೆಡೆ ಇರಬಹುದು. ಕಂಠದಲ್ಲಿ ಥೈರಾಯ್ಡಿನ ಹಿಂಬದಿಗೆ ಅಕ್ಕಿಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳುಂಟು. ರಕ್ತದಲ್ಲಿ ಕ್ಯಾಲ್ಸಿಯಂ ಕುಂದದಂತೆ ಕಾಯುವುದು ಅವುಗಳ ಧರ್ಮ. ಮೂತ್ರಪಿಂಡಗಳು ಸೋತು, ರಂಜಕವು ಹೊರಹೋಗದೆ ಸಂಚಯವಾಗಿ, ಡಿ ಜೀವಸತ್ವವು ತನ್ನ ಸಕ್ರಿಯ ರೂಪವನ್ನು ಹೊಂದದೆ, ಕ್ಯಾಲ್ಸಿಯಂ ಇಳಿಯಲು, ಆ ಗ್ರಂಥಿಗಳು ಬಿಡುವಿಲ್ಲದೆ ರಸವನ್ನು ಸ್ರವಿಸಿ, ಎಲುಬಿನೊಳಗಣ ಕ್ಯಾಲ್ಸಿಯಮ್ಮನ್ನೇ ಕರಗಿಸಿ ರಕ್ತಕ್ಕೆ ಕೊಡತೊಡಗುತ್ತವೆ. ಎಲುಬು ನೋಯುವುದು, ಸ್ನಾಯು ಸೋಲುವುದು, ಕಡೆಗೆ ಅಲ್ಪ ಪೆಟ್ಟಿಗೂ ಎಲುಬು ಮುರಿಯುವುದು ಇದರ ಫಲ. ರಕ್ತನಾಳಗಳು ಸುಣ್ಣಗಟ್ಟುವುದಂತೂ ಪ್ರಾಣಾಪಾಯವೇ ಸರಿ.

ನಮ್ಮ ಜಿಲ್ಲೆಯ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವುದು ಸುಳ್ಳಲ್ಲ. ಆದರೆ ಸೋತ ಮೂತ್ರಪಿಂಡವು ಫ್ಲೋರೈಡನ್ನೂ ಸರಿಯಾಗಿ ಹೊರಹಾಕಲಾರದಾದ್ದರಿಂದ, ಅಂಥ ನೀರು ಕುಡಿಯುವ ರೋಗಿಯ ಎಲುಬಿಗೆ ಎರಡು ಕಡೆಯ ಪೀಡೆ. ಅಂಥವರಿಗೆ ಶುದ್ಧೀಕರಿಸಿದ ನೀರೂ ಬೇಕು, ರಕ್ತಪರೀಕ್ಷೆಯೂ ಬೇಕು. ಬ್ಯಾನಿಗೆಂದು ವೈದ್ಯರನ್ನು ಕೇಳದೆ ಔಷಧದಂಗಡಿಯಿಂದ ತಂದ ನೋವಿನ ಗುಳಿಗೆಗಳಾದರೋ ಉಳಿದಿರುವಷ್ಟು ಮೂತ್ರಪಿಂಡವನ್ನೂ ಕೆಡಿಸಬಲ್ಲವು.

ಡಯಾಲಿಸಿಸ್ ರೋಗಿಗಳಿಗೆ ಕ್ಯಾಲ್ಸಿಯಂ ಮತ್ತು ರಂಜಕವನ್ನು 1ರಿಂದ 3 ತಿಂಗಳಿಗೊಮ್ಮೆ, ಪಿ.ಟಿ.ಎಚ್. ಎಂಬ ಆ ಪ್ಯಾರಾಥೈರಾಯ್ಡ್ ಗ್ರಂಥಿರಸವನ್ನು 3ರಿಂದ 6 ತಿಂಗಳಿಗೊಮ್ಮೆ ಅಳೆಯಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಮನೆಮಂದಿ ಇದನ್ನು ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಬೇಕು. ರಂಜಕವನ್ನು ಹಿಡಿದಿಡುವ ಗುಳಿಗೆಯನ್ನು ರೊಟ್ಟಿಯ ತುತ್ತಿನೊಡನೆಯೇ ನುಂಗಿಸಿರಿ. ಖಾಲಿ ಹೊಟ್ಟೆಯಲ್ಲಿ ನುಂಗಿದ ಗುಳಿಗೆಗೆ ಹಿಡಿಯಲು ಅನ್ನದ ರಂಜಕವೇ ಇರುವುದಿಲ್ಲ. ರೋಗಿಯನ್ನು ನೋಡಲು ಹೋಗುವ ನೆಂಟರು ಕೋಲಾ ಬಾಟಲಿಯನ್ನು ಒಯ್ಯದಿರಲಿ; ಅದರಲ್ಲಿ ಬೆರೆಸಿದ ರಂಜಕವು ಕಾಳುಕಡಿಗಳ ರಂಜಕಕ್ಕಿಂತ ಬಹುಬೇಗ ರಕ್ತಕ್ಕೆ ಸೇರುತ್ತದೆ.

ಜನಪ್ರತಿನಿಧಿಗಳಲ್ಲಿಯೂ ಆರೋಗ್ಯಾಧಿಕಾರಿಗಳಲ್ಲಿಯೂ ಒಂದು ಬೇಡಿಕೆ: ಈ ಪರೀಕ್ಷೆಗೆ ಬೇಕಾದ ರಕ್ತವನ್ನು ದೇವದುರ್ಗ, ಮಾನ್ವಿಗಳಲ್ಲಿಯೇ ತೆಗೆದು ರಾಯಚೂರಿಗೆ ಕಳುಹಿಸುವ, ಬಡವರಿಗೆ ಅದನ್ನು ಉಚಿತವಾಗಿ ಮಾಡಿಸುವ ಏರ್ಪಾಡು ಎಲ್ಲ ಕಾಲಕ್ಕೂ ತಪ್ಪದೆ ನಡೆಯುವಂತೆ ನೋಡಿಕೊಳ್ಳಿರಿ. ಓದುಗರೇ, ನಿಮ್ಮ ಓಣಿಯಲ್ಲಿ ಡಯಾಲಿಸಿಸ್ಸಿಗೆ ಹೋಗುವವರಿದ್ದರೆ ಅವರ ಎಲುಬಿನ ಬ್ಯಾನಿಯನ್ನು ಇಂದೇ ವಿಚಾರಿಸಿರಿ, ವೈದ್ಯರಲ್ಲಿಗೆ ಜೊತೆಗೆ ಹೋಗಿರಿ.