ಹುಡುಗ ರಜೆಯಲ್ಲಿ ಕಲ್ಲು ನೋಡಲು ಹೋದದ್ದು ತಪ್ಪೇ?

ನಮ್ಮ ಸಂಘದ ಸದಸ್ಯರೊಬ್ಬರು ಮೂವತ್ತು ವರ್ಷಗಳಿಂದ ದೋಸೆ ಕಾವಲಿಯ ಮುಂದೆ ನಿಂತವರು. ಅವರ ಮಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ಈ ಸಲದ ರಜೆಯಲ್ಲಿ ಅವನು ಯುವಕರ ಸೇವಾ ಸಂಸ್ಥೆಯೊಂದರ ಮೂಲಕ ಈಜಿಪ್ಟ್ ದೇಶದ ಕೈರೋ ನಗರಕ್ಕೆ ಹೋಗಿ, ಆರು ವಾರ ಅಲ್ಲಿನ ಬಡಮಕ್ಕಳಿಗೆ ಇಂಗ್ಲಿಷ್ ಕಲಿಸಿದ. ಪಗಾರವಿಲ್ಲ, ಊಟ, ವಸತಿ ಮಾತ್ರ. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಅಂಥ ಒಂದು ರಜೆಯಲ್ಲಿ ಅವನು ರಾತ್ರಿಯ ರೈಲು ಹಿಡಿದು ಲಕ್ಸರ್ ಎಂಬ ಊರಿಗೆ ಹೋಗಿ ಅಲ್ಲಿನ ಪ್ರಾಚೀನ ಅವಶೇಷಗಳನ್ನು ನೋಡಿಬಂದ. ಕಂಡದ್ದನ್ನೆಲ್ಲ ಉದ್ದಕ್ಕೆ ಬರೆದು ತಂದೆಯ ಮೊಬೈಲಿಗೆ ಕಳಿಸಿದ. ತಂದೆ ಅದನ್ನು ಸಂಘದ ಕೋಣೆಗೆ ತಂದು, ಎಲ್ಲರಿಗೂ ಕೇಳುವಂತೆ ಓದಿಸಿದರು.

ಓದಿ ಮುಗಿದಿರಲಿಲ್ಲ. ಒಬ್ಬರು, "ಅಲ್ಲ ಮಾರಾಯ್ರೆ, ಸೇವೆ ಮಾಡ್ತೇನೆ ಅಂತ ಹೋದವನಿಗೆ ಊರು ತಿರುಗುವ ಚಟ ಯಾಕೆ? ಆ ಎರಡು ದಿನವೂ ಮಕ್ಕಳಿಗೆ ಪಾಠ ಹೇಳಬಾರದಿತ್ತಾ?" ಎಂದರು. ಇನ್ನೊಬ್ಬರು, "ಕಲ್ಲು ನೋಡಿದರೆ ಹೊಟ್ಟೆ ತುಂಬ್ತದಾ?" ಎಂದರು. ನಾಲ್ಕು ಜನ ನಕ್ಕರು. ತಂದೆ ತಲೆ ತಗ್ಗಿಸಿದರು. ಆ ತಲೆ ತಗ್ಗಿದ್ದು ನಮಗೆ ಸರಿಕಾಣಲಿಲ್ಲ. ಈ ಎರಡು ಮಾತುಗಳಿಗೆ ನಮಗೆ ತೋಚಿದ ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯ ಮಾತು: ಸೇವೆಗೆ ಹೋದವನಿಗೆ ರಜೆ ಏಕೆ? ಬಂಧುಗಳೇ, ಈ ಮಾತು ಯಾರದೆಂದು ಸ್ವಲ್ಪ ಯೋಚಿಸಿರಿ. ನಾವು ಏಳನೆಯ ತರಗತಿ ಮುಗಿಸಿ ಈ ಮುಂಬಯಿಗೆ ಬಂದು ಮೊದಲು ಸೇರಿದ ಹೋಟೆಲಿನಲ್ಲಿ ಎರಡು ವರ್ಷ ಒಂದು ದಿನವೂ ಬಿಡುವಿರಲಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದರೆ ರಾತ್ರಿ ಹನ್ನೊಂದಕ್ಕೆ ಮೇಜುಗಳ ಮೇಲೆಯೇ ಹಾಸಿಗೆ. ರಜೆ ಕೇಳಿದಾಗ ಗಲ್ಲಾದ ಮೇಲೆ ಕುಳಿತವರು, "ಗಿರಾಕಿಗಳ ಸೇವೆ ದೇವರ ಸೇವೆ, ದೇವರಿಗೆ ರಜೆ ಉಂಟಾ?" ಎಂದು ಕೇಳುತ್ತಿದ್ದರು. ಆಗ ನಮಗೆ ಉತ್ತರ ತಿಳಿದಿರಲಿಲ್ಲ. ದೇವರಿಗೆ ರಜೆ ಬೇಡದಿರಬಹುದು, ತಟ್ಟೆ ತೊಳೆಯುವ ಹುಡುಗನಿಗೆ ಬೇಕು. ಅಂದು ಯಜಮಾನರು ನಮಗೆ ಆಡಿದ ಮಾತನ್ನೇ ಇಂದು ನಾವು ನಮ್ಮ ಹುಡುಗನಿಗೆ ಆಡಿದೆವು. ಸೇವೆಯೆಂಬ ಹೆಸರಿಟ್ಟರೆ ದುಡಿಮೆಗೆ ಮಿತಿಯಿಲ್ಲವೆಂದು ಒಪ್ಪಿಕೊಂಡಂತಾಯಿತು.

ವಾರಕ್ಕೊಂದು ರಜೆ ಯಾರೂ ದಾನವಾಗಿ ಕೊಟ್ಟದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಮುಂಬಯಿಯ ಗಿರಣಿ ಕೆಲಸಗಾರರು ವರ್ಷಗಟ್ಟಲೆ ಅರ್ಜಿ ಬರೆದು, ಸಭೆ ಕೂಡಿ, 1890ರಲ್ಲಿ ಭಾನುವಾರದ ರಜೆಯನ್ನು ಪಡೆದರು. ಹೋಟೆಲಿನವರಾದ ನಮಗೆ 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ವಾರಕ್ಕೊಂದು ದಿನ ಬರೆದುಕೊಟ್ಟಿತು. ಆ ಕಾಯಿದೆಯ ಜಾಗಕ್ಕೆ 2017ರಲ್ಲಿ ಹೊಸದು ಬಂದರೂ ವಾರದ ರಜೆ ಉಳಿಯಿತು. ಕಾಗದದಲ್ಲಿರುವ ಆ ದಿನ ಎಷ್ಟು ಹೋಟೆಲುಗಳ ಅಡಿಗೆಮನೆಗೆ ಇಳಿದು ಬಂದಿದೆ ಎಂಬುದನ್ನು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಹೀಗಿರುವಾಗ ರಜೆ ಸಿಕ್ಕವನನ್ನು ಗೇಲಿ ಮಾಡುವುದು ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಂಡಂತೆ.

ಎರಡನೆಯ ಮಾತು: ಕಲ್ಲು ನೋಡಿದರೆ ಹೊಟ್ಟೆ ತುಂಬುತ್ತದೆಯೇ? ಹುಡುಗ ನೋಡಿದ್ದು ಯಾವ ಕಲ್ಲನ್ನು ಎಂದು ಮೊದಲು ಕೇಳೋಣ. ಅವನು ಬರೆದದ್ದನ್ನು ನಮ್ಮ ರಾತ್ರಿಶಾಲೆಯ ಮೇಷ್ಟ್ರ ಹತ್ತಿರ ಕುಳಿತು ಪುಸ್ತಕಗಳೊಡನೆ ತಾಳೆ ನೋಡಿಯೇ ಇಲ್ಲಿ ಬರೆಯುತ್ತಿದ್ದೇವೆ.

ಕೈರೋದ ಪಕ್ಕದ ಗೀಜಾದಲ್ಲಿ ಪಿರಮಿಡ್ಡುಗಳಿವೆ. ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಅರಸರ ಗೋರಿಗಳವು. ಚಾಟಿಯೇಟು ತಿಂದ ಗುಲಾಮರು ಅವನ್ನು ಕಟ್ಟಿದರೆಂದು ಕತೆ ಕೇಳಿದ್ದೇವೆ. ಆದರೆ 1990ರಲ್ಲಿ ಅಲ್ಲಿ ಕೆಲಸಗಾರರದೇ ಗೋರಿಗಳು ಸಿಕ್ಕಿದವು. ಅಲ್ಲಿನ ಎಲುಬುಗಳಲ್ಲಿ ಮುರಿದು ಮತ್ತೆ ಕೂಡಿಕೊಂಡವೂ ಇದ್ದವು, ಎಂದರೆ ಗಾಯಾಳುಗಳಿಗೆ ಆರೈಕೆ ನಡೆದಿತ್ತು. 1991ರಲ್ಲಿ ಕೆಲಸಗಾರರಿಗೆ ರೊಟ್ಟಿ ಸುಡುತ್ತಿದ್ದ ಬೇಕರಿಗಳು ಬೂದಿ, ಮಣ್ಣಿನ ಅಚ್ಚುಗಳ ಸಮೇತ ಸಿಕ್ಕಿದವು. ಕಟ್ಟುವವರಿಗೆ ಉಣ್ಣಿಸುವವರಿಲ್ಲದೆ ಪಿರಮಿಡ್ಡು ಏಳಲಿಲ್ಲ. "ಅಪ್ಪಾ, ಅಲ್ಲಿಯೂ ನಿಮ್ಮಂಥವರು ಇದ್ದರು" ಎಂದು ಹುಡುಗ ಬರೆದಿದ್ದ.

ಲಕ್ಸರ್ ಊರು ಕೈರೋದಿಂದ ದಕ್ಷಿಣಕ್ಕೆ ಒಂದು ರಾತ್ರಿಯ ರೈಲು ದಾರಿ. ನೈಲ್ ನದಿಯನ್ನು ದೋಣಿಯಲ್ಲಿ ದಾಟಿದರೆ ಪಶ್ಚಿಮದ ದಡದಲ್ಲಿ ಬೋಳು ಗುಡ್ಡಗಳು. ಆ ಗುಡ್ಡಗಳ ಹೊಟ್ಟೆಯಲ್ಲಿ ಅರಸರ ಗೋರಿಗಳು. ಪ್ರವಾಸಿಗಳ ಬಸ್ಸುಗಳು ಹೆಚ್ಚಾಗಿ ಅಲ್ಲಿಗೇ ಓಡುತ್ತವೆ. ಹುಡುಗ ಅದನ್ನೂ ನೋಡಿದ. ಆಮೇಲೆ ಗುಡ್ಡದ ಈಚೆಗಿನ ದೇರ್ ಎಲ್-ಮದೀನ ಎಂಬ ಹಾಳೂರಿಗೆ ಹೋದ. ಅರಸರ ಗೋರಿಗಳನ್ನು ಕೊರೆದ, ಬಣ್ಣ ಬರೆದ ಕೆಲಸಗಾರರ ಊರು ಅದು. ಸುಮಾರು 70 ಮನೆಗಳ ತಳಪಾಯ, ಮೊಣಕಾಲೆತ್ತರದ, ಎದೆಯೆತ್ತರದ ಮೋಟುಗೋಡೆಗಳು. ನಡುವೆ ಒಂದು ಕಿರಿದಾದ ಓಣಿ. ಒಂದಕ್ಕೊಂದು ಅಂಟಿದ ಮನೆಗಳು, ಒಂದರ ಹಿಂದೊಂದು ಕೋಣೆ, ಹಿಂದುಗಡೆ ಅಡಿಗೆಮನೆ. "ನಮ್ಮ ಚಾಳಿನ ಖೋಲಿಗಳ ನೆನಪಾಯಿತು" ಎಂದು ಬರೆದಿದ್ದಾನೆ.

ಆ ಊರಿನವರು ಸುಣ್ಣಕಲ್ಲಿನ ಚಕ್ಕೆಗಳ ಮೇಲೆ, ಮಡಕೆಯ ಚೂರುಗಳ ಮೇಲೆ ಲೆಕ್ಕ ಬರೆದಿಡುತ್ತಿದ್ದರು. ಅಂಥದೊಂದು ಚಕ್ಕೆ ಈಗ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅದು ಎರಡನೆಯ ರಾಮ್ಸೆಸ್ ಅರಸನ 40ನೆಯ ವರ್ಷದ ಹಾಜರಿ ಪಟ್ಟಿ. ಸುಮಾರು 40 ಕೆಲಸಗಾರರ ಹೆಸರು. ಯಾರು ಯಾವ ದಿನ ಬರಲಿಲ್ಲ, ಏಕೆ ಬರಲಿಲ್ಲ. ಒಬ್ಬನಿಗೆ ಚೇಳು ಕಡಿದಿತ್ತು. ಒಬ್ಬನಿಗೆ ಕಣ್ಣುಬೇನೆ. ಒಬ್ಬ ಸತ್ತ ತಾಯಿಯ ಶವಸಂಸ್ಕಾರಕ್ಕೆ ನಿಂತಿದ್ದ. ಒಬ್ಬ ಮನೆಯಲ್ಲಿ ಬೀರು ತಯಾರಿಸುತ್ತಿದ್ದ. ಮೂರು ಸಾವಿರದ ಇನ್ನೂರು ವರ್ಷಗಳ ಹಿಂದೆ ಗೈರುಹಾಜರಿಯ ಕಾರಣವನ್ನು ಕೇಳಿ ಬರೆದುಕೊಳ್ಳುವವನಿದ್ದ. ಅವರ ವಾರ ಹತ್ತು ದಿನದ್ದು, ಅದರ ಕೊನೆಗೆ ಬಿಡುವೂ ಇತ್ತು. ತಾಯಿ ತೀರಿಕೊಂಡ ಸುದ್ದಿ ಊರಿನಿಂದ ಬಂದರೂ ಬದಲಿ ಆಳು ಸಿಗುವತನಕ ಹೋಗಬೇಡವೆನ್ನಿಸಿಕೊಂಡ ಮಾಣಿಗಳನ್ನು ನಾವು ಬಲ್ಲೆವು.

ಇನ್ನೂ ದೊಡ್ಡ ಸಂಗತಿ ಬೇರೆಯಿದೆ. ಅವರ ಪಗಾರ ಕಾಳಿನಲ್ಲಿ: ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಚೀಲ ಗೋಧಿ, ಒಂದೂವರೆ ಚೀಲ ಬಾರ್ಲಿ. ಕ್ರಿಸ್ತಪೂರ್ವ 12ನೆಯ ಶತಮಾನದಲ್ಲಿ, ಮೂರನೆಯ ರಾಮ್ಸೆಸ್ ಅರಸನ 29ನೆಯ ವರ್ಷದಲ್ಲಿ, ಆ ಕಾಳು ಬರುವುದು ತಡವಾಯಿತು. 18 ದಿನ ಕಾದರು. ಆಮೇಲೆ ಉಪಕರಣಗಳನ್ನು ಕೆಳಗಿಟ್ಟು, ಕಾವಲು ಗೋಡೆಗಳನ್ನು ದಾಟಿ, ಹಸಿದಿದ್ದೇವೆಂದು ಹೇಳುತ್ತ ಒಂದು ದೇವಸ್ಥಾನದ ಹಿಂದೆ ಹೋಗಿ ಕುಳಿತರು. ಅಧಿಕಾರಿಗಳು ಬಂದು ಸಮಾಧಾನ ಹೇಳಿದರೂ ಏಳಲಿಲ್ಲ. ಬಳಿಕ ಇನ್ನೊಂದು ದೇವಸ್ಥಾನಕ್ಕೆ ನಡೆದರು. ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ, ಇದನ್ನು ಅರಸನಿಗೆ ತಿಳಿಸಿರಿ ಎಂದರು. ಕಡೆಗೆ ಬಾಕಿ ಕಾಳು ಬಂತು. ಮತ್ತೆ ತಡವಾದಾಗ ಮತ್ತೆ ಕೆಲಸ ನಿಲ್ಲಿಸಿದರು. ಅಮೆನ್‌ನಖ್ತ್ ಎಂಬ ಗುಮಾಸ್ತನ ಕೈಬರಹವೆನ್ನಲಾದ ಆ ದಾಖಲೆ ಇಟಲಿಯ ಟ್ಯೂರಿನ್ ನಗರದಲ್ಲಿದೆ. ಲೋಕದಲ್ಲಿ ಬರಹಕ್ಕೆ ಸಿಕ್ಕಿದ ಮೊದಲನೆಯ ಮುಷ್ಕರ ಇದೇ ಎಂದು ತಿಳಿದವರು ಹೇಳುತ್ತಾರೆ.

ಇದನ್ನು ಓದುವಾಗ ಕೋಣೆಯ ಮೂಲೆಯಲ್ಲಿ ನಮ್ಮ ಹಳೆಯ ಗಿರಣಿ ಕೆಲಸಗಾರರೊಬ್ಬರು ಕುಳಿತಿದ್ದರು. 1982ರ ಮುಷ್ಕರದಲ್ಲಿ ಗೇಟಿನ ಹೊರಗೆ ನಿಂತವರು. ಗೇಟು ಅವರಿಗೆ ಮತ್ತೆ ತೆರೆಯಲಿಲ್ಲ. ಆತನಕ ಸುಮ್ಮನಿದ್ದವರು, "ಅವರಿಗೆ ಬಾಕಿ ಸಿಕ್ಕಿತು ಅಂದಿರಲ್ಲ, ಪೂರಾ ಸಿಕ್ಕಿತಾ?" ಎಂದು ಕೇಳಿದರು. ಹಿಂದಿನ ತಿಂಗಳದ್ದು ಸಿಕ್ಕಿತೆಂದು ಮೇಷ್ಟ್ರು ಹೇಳಿದರು. "ನಮಗೆ ಅದೂ ಇಲ್ಲ" ಎಂದು ಹಿರಿಯರು ಎದ್ದು ಹೋದರು. ಕಲ್ಲಿನಿಂದ ಹೊಟ್ಟೆ ತುಂಬುತ್ತದೆಯೇ ಎಂದು ನಕ್ಕವರು ಆಮೇಲೆ ನಗಲಿಲ್ಲ.

ಆ ಊರನ್ನು ನಾವು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಅಲ್ಲಿನವರು ಕುಶಲ ಕೆಲಸಗಾರರು, ಅರಸನಿಗೆ ಬೇಕಾದವರು. ಆದ್ದರಿಂದ ಅವರ ಕೂಗು ಕೇಳಿಸಿತು. ಊರಿನಲ್ಲಿ ನೀರಿರಲಿಲ್ಲ. ಕತ್ತೆಗಳ ಮೇಲೆ ನೀರು ತರುವವರು, ಬಟ್ಟೆ ಒಗೆಯುವವರು, ಮೀನು, ಸೌದೆ ತರುವವರು ಬೇರೆಯೇ ಇದ್ದರು. ಅವರ ಅಂತಸ್ತು ಕೆಳಗಿನದು. ನಮ್ಮಲ್ಲಿಯೂ ಕಾವಲಿಯ ಭಟ್ಟರ ಮಾತಿಗೆ ಇರುವ ಬೆಲೆ ಮೋರಿಯ ಹತ್ತಿರ ಕುಳಿತು ಪಾತ್ರೆ ಉಜ್ಜುವವನ ಮಾತಿಗಿಲ್ಲ. ಸಂಘವೂ ಅವನ ಹೆಸರನ್ನು ಕೊನೆಗೆ ಬರೆಯುತ್ತದೆ. ಈ ತಪ್ಪು ನಮ್ಮದು.

ಸೇವೆಯ ನೆಪದಲ್ಲಿ ಹೊರದೇಶಕ್ಕೆ ಹೋಗಿ, ಬಡಮಕ್ಕಳ ಜೊತೆ ನಾಲ್ಕು ಫೋಟೋ ತೆಗೆಸಿಕೊಂಡು, ಉಳಿದ ದಿನವೆಲ್ಲ ತಿರುಗುವವರೂ ಇದ್ದಾರೆ. ಅವರ ವಕಾಲತ್ತು ನಮಗೆ ಬೇಡ. ಆದರೆ ಐದು ದಿನ ನಿಷ್ಠೆಯಿಂದ ಪಾಠ ಹೇಳಿ, ಆರನೆಯ ದಿನ ಆ ಮಕ್ಕಳ ನಾಡಿನ ಹಿಂದಿನವರು ಹೇಗೆ ದುಡಿದರೆಂದು ನೋಡಲು ಹೋದವನು ಸೇವೆಯನ್ನು ಕಡಿಮೆ ಮಾಡಲಿಲ್ಲ. ಯಾರಿಗೆ ಕಲಿಸುತ್ತಾನೋ ಅವರ ಊರನ್ನು ತಿಳಿದ. ತನ್ನ ತಂದೆಯ ಕಸುಬನ್ನೂ ಇನ್ನಷ್ಟು ತಿಳಿದ.

ಕಡೆಗೆ ಎರಡು ಬಿನ್ನಹಗಳು. ಪ್ರತಿಯೊಬ್ಬ ಸದಸ್ಯನೂ ತನ್ನ ಹೋಟೆಲಿನಲ್ಲಿ ಯಾರಿಗೆ ವಾರದ ರಜೆ ಸಿಗುತ್ತಿಲ್ಲವೆಂಬುದನ್ನು ಬರೆದು ಸಂಘಕ್ಕೆ ತಂದುಕೊಡಬೇಕು. ಪಾತ್ರೆ ತೊಳೆಯುವವನ ಹೆಸರು ಪಟ್ಟಿಯಲ್ಲಿ ಮೊದಲು ಬರಲಿ. ಇನ್ನೊಂದು, ರಜೆ ಸಿಕ್ಕವರು ಒಂದು ದಿನ ಕೂಡಿ ಬೋರಿವಲಿಯ ಕಾನ್ಹೇರಿ ಗುಹೆಗಳಿಗೆ ಹೋಗಿಬರೋಣ. ಕಮ್ಮಾರ, ಅಕ್ಕಸಾಲಿಗರು ಕೊಟ್ಟ ದಾನದ ಮಾತು ಅಲ್ಲಿನ ಶಾಸನಗಳಲ್ಲಿದೆ. ಬುತ್ತಿ ನಾವು ಕಟ್ಟಿ ತರುತ್ತೇವೆ. ಹುಡುಗ ಊರಿಗೆ ಬಂದಮೇಲೆ ಅವನೂ ಜೊತೆಗಿರಲಿ. ಅವನ ತಂದೆಯವರು ಆ ಪತ್ರವನ್ನು ಅಲ್ಲಿ ಇನ್ನೊಮ್ಮೆ, ಈ ಸಲ ತಾವೇ, ಓದಲಿ.