ಕುಡಿಯದವರ ಲಿವರ್‌ಗೂ ಕಲೆ ಬೀಳುತ್ತದೆ
ಕುಡಿಯದ ಸಸ್ಯಾಹಾರಿಗಳಿಗೆ ಲಿವರ್‌ನ ಗಡುಸುತನ ಅಳೆಯುವ ಫೈಬ್ರೋಸ್ಕ್ಯಾನ್ ದಂಡ ಎಂಬ ಈ ಪತ್ರಿಕೆಯ ಕಳೆದ ಸಂಚಿಕೆಯ ಮಾತು ಅಮೆರಿಕದ ವೆಸ್ಟ್ ವಿಂಡ್ಸರ್‌ನ ನಮ್ಮಂಥ ಕನ್ನಡ ಕುಟುಂಬಗಳ ದಾರಿ ತಪ್ಪಿಸುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಹನಿ ಮದ್ಯ ಮುಟ್ಟದವರ ಲಿವರ್‌ನಲ್ಲೂ ಕೊಬ್ಬು ಸೇರಿ ಗಾಯದ ಕಲೆ ಬೀಳಬಹುದು. ತೆಳ್ಳಗಿರುವ ಭಾರತೀಯರೂ ಇದಕ್ಕೆ ಹೊರತಲ್ಲ. ಮಾಮೂಲಿ ಅಲ್ಟ್ರಾಸೌಂಡ್ ಸಾಕೆನ್ನುವುದೂ ತಪ್ಪು. ಅದು ಕೊಬ್ಬನ್ನು ತೋರಿಸೀತು, ಆರಂಭದ ಕಲೆಯನ್ನಲ್ಲ.

ಅಮೆರಿಕದಲ್ಲಿ 2013ರಲ್ಲೇ ಅನುಮತಿ ಪಡೆದ ಫೈಬ್ರೋಸ್ಕ್ಯಾನ್ ಪಕ್ಕೆಲುಬುಗಳ ನಡುವೆ ಮೆಲ್ಲಗೆ ತಟ್ಟಿ, ಆ ಕಂಪನ ಲಿವರ್‌ನೊಳಗೆ ಸಾಗುವ ವೇಗ ಅಳೆಯುತ್ತದೆ. ಲಿವರ್ ಗಡುಸಾದಷ್ಟೂ ವೇಗ ಹೆಚ್ಚು. ಗಡುಸುತನ 8 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಬಂದರೆ ತೀವ್ರ ಕಲೆಯ ಸಾಧ್ಯತೆ ಕಡಿಮೆ. ಹೀಗಾಗಿ ಬಹಳ ಮಂದಿಗೆ ಬಯಾಪ್ಸಿ ಸೂಜಿಯೇ ಬೇಡ. ಹಾಗೆಂದು ಎಲ್ಲರೂ ಸ್ಕ್ಯಾನ್‌ಗೆ ಓಡಿ ಎನ್ನುತ್ತಿಲ್ಲ. ಸಕ್ಕರೆ ಕಾಯಿಲೆಯವರು ಮೊದಲು ರಕ್ತಪರೀಕ್ಷೆಯಿಂದ ಕಲೆಯ ಅಪಾಯ ಅಂದಾಜಿಸುವ ಫಿಬ್-4 ಅಂಕ ಲೆಕ್ಕ ಹಾಕಿಸಲಿ, 1.3 ದಾಟಿದರೆ ಸ್ಕ್ಯಾನ್ ಕೇಳಲಿ. ಸ್ಕ್ಯಾನ್‌ಗೆ 3 ಗಂಟೆ ಮೊದಲಿನಿಂದ ಏನೂ ತಿನ್ನಬೇಡಿ. ಉಂಡು ಹೋದರೆ ಅಂಕಿ ಸುಮ್ಮನೆ ಏರುತ್ತದೆ.