ಒಂದು ಚೂರು ತಿಂದರೆ ಏನಾಗುತ್ತದೆ?

"ಒಂದು ಚೂರು ತಿನ್ನಿ, ಏನೂ ಆಗಲ್ಲ." ನಮ್ಮ ಕಡೆ ಯಾವ ಮನೆಗೆ ಹೋದರೂ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಸಕ್ಕರೆ ಕಾಯಿಲೆಯವರ ಎಲೆಗೆ ಹೋಳಿಗೆ ಹಾಕುವಾಗ, ರಕ್ತದೊತ್ತಡ ಇರುವವರಿಗೆ ಉಪ್ಪಿನಕಾಯಿ ಬಡಿಸುವಾಗ, ಬೇಡ ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಪಾಯಸ ಸುರಿಯುವಾಗ ಇದನ್ನು ಆಡುತ್ತೇವೆ. ಪ್ರೀತಿಯಿಂದಲೇ ಆಡುತ್ತೇವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರೀತಿಯಿಂದ ಆಡಿದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲವಲ್ಲ. ಈ ಒಂದು ವಾಕ್ಯದ ಮೇಲೆ ನನಗೆ ಜಗಳವಿದೆ.

ನನಗಿರುವುದು ಸೀಲಿಯಾಕ್ ಎಂಬ ಕಾಯಿಲೆ. ಹೆಸರು ಕೇಳಿದ ಕೂಡಲೇ "ಅದೇನ್ರೀ ಅದು, ಹೊಸದಾ?" ಎನ್ನುತ್ತಾರೆ. ಹೊಸದೇನಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟಿನ ಪ್ರೋಟೀನು ಇರುತ್ತದೆ. ಚಪಾತಿ ಹಿಟ್ಟು ಎಳೆದರೆ ಹರಿಯದೆ ಜಗ್ಗುವುದು, ಹೋಳಿಗೆಯ ಕಣಕ ರಬ್ಬರಿನಂತೆ ಹಿಗ್ಗುವುದು ಇದರಿಂದಲೇ. ನನ್ನಂಥವರ ಮೈ ಈ ಅಂಟನ್ನು ಕಂಡ ಕೂಡಲೇ ಶತ್ರು ಬಂದಂತೆ ಯುದ್ಧಕ್ಕೆ ನಿಲ್ಲುತ್ತದೆ. ಯುದ್ಧ ನಡೆಯುವ ಜಾಗ ನಮ್ಮದೇ ಸಣ್ಣ ಕರುಳು. ಊಟದ ಸಾರ ಹೀರಿಕೊಳ್ಳಲೆಂದು ಕರುಳಿನ ಒಳಗೋಡೆಯಲ್ಲಿ ಎದ್ದು ನಿಂತಿರುವ ಸಣ್ಣ ಸಣ್ಣ ಎಳೆಗಳು ಇದರಲ್ಲಿ ಬಾಡಿ ಚಪ್ಪಟೆಯಾಗುತ್ತವೆ. ಆಮೇಲೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಗೋಧಿಯೇ ಇದರ ಮೂಲವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಅವರಿಗೆ ಮೊದಲಿನಿಂದಲೂ ಗೋಧಿಯ ಮೇಲೆ ಗುಮಾನಿಯಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಘೋರ ಬರ ಬಂದು ಬ್ರೆಡ್ಡೇ ಸಿಗದಂತಾಯಿತು. ಊರೆಲ್ಲ ಹಸಿವಿನಿಂದ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಅವರ ಕಾಯಿಲೆಯೂ ಮರಳಿ ಬಂತು. 1950ರಲ್ಲಿ ಡಿಕೆ ತಮ್ಮ ಪ್ರಬಂಧದಲ್ಲಿ ಇದನ್ನೆಲ್ಲ ಬರೆದಿಟ್ಟರು. ಅಂದಿನಿಂದ ಇಂದಿನವರೆಗೆ ಇದಕ್ಕಿರುವ ಮದ್ದು ಒಂದೇ, ಗ್ಲುಟೆನ್ ಇರುವುದನ್ನು ಜೀವನಪೂರ್ತಿ ಬಿಡುವುದು. ಬಾಯಿತಪ್ಪಿ ಹೋದದ್ದನ್ನು ಇಳಿಸುವ ಮಾತ್ರೆಯಾಗಲಿ, ಕಷಾಯವಾಗಲಿ ಇಲ್ಲ.

ನಮ್ಮಲ್ಲಿ ಜನ ನಂಬದಿರುವುದಕ್ಕೆ ಒಂದು ಕಾರಣವೂ ಉಂಟು. ದೇಶದ ಮೂರು ಕಡೆ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಉತ್ತರ ಭಾರತದಲ್ಲಿ ನೂರಕ್ಕೆ 1.23 ಮಂದಿಗೆ ಈ ಕಾಯಿಲೆಯಿದ್ದರೆ ದಕ್ಷಿಣದಲ್ಲಿ ಕಂಡದ್ದು 0.10, ಅಂದರೆ ಸಾವಿರಕ್ಕೆ ಒಬ್ಬರು. ನಮ್ಮ ತಿಪಟೂರಿನಂಥ ಊರಿನಲ್ಲಿ ಆ ಒಬ್ಬರು ಎದುರಿಗೆ ಬಂದರೂ ಗುರುತು ಹತ್ತುವುದು ಕಷ್ಟ. ನನ್ನ ವಿಷಯದಲ್ಲಿ ಆದದ್ದೂ ಅದೇ. ಹತ್ತು ವರ್ಷ ಕಬ್ಬಿಣದ ಮಾತ್ರೆ ನುಂಗಿದೆ, ರಕ್ತ ಏರಲಿಲ್ಲ. "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎಂದರು ಒಬ್ಬರು. "ಮುಟ್ಟು ನಿಲ್ಲುವ ಕಾಲ" ಎಂದರು ಇನ್ನೊಬ್ಬರು. "ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಮೇಡಂ, ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನಿ" ಎಂದರು ಮತ್ತೊಬ್ಬರು. ಕೊನೆಗೆ ಬೆಂಗಳೂರಿನ ವೈದ್ಯರೊಬ್ಬರು ರಕ್ತಪರೀಕ್ಷೆ ಮಾಡಿಸಿ, ಕರುಳಿನ ತುಣುಕು ತೆಗೆಸಿ ನೋಡಿ ಹೆಸರು ಹೇಳಿದಾಗ ನನಗೆ ನಲವತ್ತೇಳು. ಹೆಂಗಸಿನ ಸುಸ್ತಿಗೆ ಮೊದಲು ಮನಸ್ಸನ್ನು, ಆಮೇಲೆ ಮುಟ್ಟನ್ನು, ಕಟ್ಟಕಡೆಗೆ ಕಾಯಿಲೆಯನ್ನು ಕಾರಣವೆಂದು ನೋಡುವ ಈ ಪದ್ಧತಿಯ ಬಗ್ಗೆ ಬೇರೆಯೇ ಒಂದು ಲೇಖನ ಬರೆಯಬೇಕು.

ಈಗ ಆ "ಚೂರಿ"ನ ಲೆಕ್ಕಕ್ಕೆ ಬರೋಣ. ನನ್ನಂಥವರಲ್ಲಿ ಬಹುಪಾಲು ಜನ ದಿನಕ್ಕೆ ಸುಮಾರು 10 ಮಿಲಿಗ್ರಾಂ ಗ್ಲುಟೆನ್‌ವರೆಗೆ ತಡೆದುಕೊಂಡಾರು ಎಂದು ತಜ್ಞರ ಅಂದಾಜು. ಒಂದು ಚಪಾತಿಯಲ್ಲಿ ಎರಡು ಗ್ರಾಂಗೂ ಮೇಲೆಯೇ ಇರುತ್ತದೆ. ಅಂದರೆ ಒಂದು ಚಪಾತಿಯನ್ನು ಇನ್ನೂರು ಚೂರು ಮಾಡಿ, ಅದರಲ್ಲಿ ಒಂದು ಚೂರು! ನಮ್ಮ ದೇಶದ ಆಹಾರ ನಿಯಮದಲ್ಲಿ ಪೊಟ್ಟಣದ ಮೇಲೆ "ಗ್ಲುಟೆನ್ ರಹಿತ" ಎಂದು ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂ ಮೀರಿರಬಾರದು. ಈಗ ಹೇಳಿ, ನೀವು ಕಣ್ಣಳತೆಯಲ್ಲಿ ಮುರಿದು ಕೊಡುವ "ಒಂದು ಚೂರು" ಯಾವ ಲೆಕ್ಕದ್ದು?

ಈ ಗೋಧಿಯೂ ಮಹಾ ಬಹುರೂಪಿ. ನಾನು ಮಕ್ಕಳಿಗೆ ಕನ್ನಡ ಕಲಿಸುವವಳು, ನಮ್ಮ ಭಾಷೆಯೇ ಇಲ್ಲಿ ಮೋಸ ಮಾಡುತ್ತದೆ. ರವೆ ಎಂದರೆ ಗೋಧಿಯದೂ ಹೌದು, ಇಡ್ಲಿಯ ಅಕ್ಕಿ ರವೆಯೂ ಹೌದು. ಶ್ಯಾವಿಗೆ ಎಂದರೆ ಮನೆಯಲ್ಲಿ ಒತ್ತಿದ ಅಕ್ಕಿಯದೂ ಹೌದು, ಪಾಯಸಕ್ಕೆ ಹಾಕುವ ಅಂಗಡಿಯ ಗೋಧಿಯದೂ ಹೌದು. ಕೋಡುಬಳೆ, ನಿಪ್ಪಟ್ಟು ಅಕ್ಕಿ ಹಿಟ್ಟಿನ ತಿಂಡಿಗಳೆಂದೇ ಹೆಸರು. ಆದರೆ ಹದಕ್ಕೆಂದು ಮೈದಾ, ಚಿರೋಟಿ ರವೆ ಸೇರಿಸದ ಕೈ ಅಪರೂಪ. ಅಂಗಡಿಯ ಡಬ್ಬಿ ಹಿಂಗು ಸಾಮಾನ್ಯವಾಗಿ ಅಪ್ಪಟ ಹಿಂಗಲ್ಲ, ಅದಕ್ಕೆ ಗೋಂದು, ಮೈದಾ ಇಲ್ಲವೇ ಅಕ್ಕಿ ಹಿಟ್ಟು ಬೆರೆಸಿರುತ್ತಾರೆ.

ಎರಡು ವರ್ಷದ ಹಿಂದೆ ಹತ್ತಿರದ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಕೋಡುಬಳೆ ಕೊಟ್ಟರು. ನಾನು ಎಂದಿನಂತೆ ಕೇಳಿದೆ, "ಮೈದಾ ಹಾಕಿದೆಯೇನಮ್ಮಾ?" "ಅಯ್ಯೋ ಇಲ್ಲ ಅಕ್ಕ, ಅಪ್ಪಟ ಅಕ್ಕಿ ಹಿಟ್ಟು, ನಿಮಗೋಸ್ಕರಾನೇ ಮಾಡ್ಸಿದ್ದು" ಎಂದರು. ಎರಡು ತಿಂದೆ. ಮನೆ ಸೇರುವಷ್ಟರಲ್ಲಿ ವಾಂತಿ, ರಾತ್ರಿಯಿಡೀ ಭೇದಿ. ಮೂರನೆಯ ದಿನಕ್ಕೆ ಅದು ನಿಂತಿತು. ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ತಿಳಿದರು. ನಿಜವಾದ ಕಷ್ಟ ಆಮೇಲಿನದು. ಹೊಟ್ಟೆ ತಮಟೆಯಂತೆ ಉಬ್ಬಿಕೊಂಡೇ ಇತ್ತು. ಬಾಯಲ್ಲಿ ಹುಣ್ಣು, ಮಂಡಿಯಲ್ಲಿ ನೋವು. ಮೆಟ್ಟಿಲು ಹತ್ತಿದರೆ ಕಟ್ಟಡವನ್ನೇ ಹೊತ್ತಂತೆ ಸುಸ್ತು. ಎಲ್ಲಕ್ಕಿಂತ ಹೆಚ್ಚಾಗಿ ತಲೆಯೊಳಗೆ ಮಂಜು ಕವಿದಂತೆ. ಮೂವತ್ತು ವರ್ಷ ಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳು ತೃತೀಯಾಕ್ಕೆ ಬಂದು ನಿಂತುಬಿಟ್ಟವು. ಮುಂದಿನ ಬೆಂಚಿನ ಹುಡುಗಿಯ ಹೆಸರು ನಾಲಿಗೆಗೆ ಬರಲಿಲ್ಲ. ಹೀಗೆ ಮೂರು ವಾರ.

ಒಂಬತ್ತನೆಯ ದಿನ ಆಕೆಗೆ ಫೋನು ಮಾಡಿ ಮತ್ತೊಮ್ಮೆ ಕೇಳಿದೆ. "ಹದಕ್ಕೆ ಅಂತ ಎರಡು ಹಿಡಿ ಮೈದಾ ಹಾಕಿದ್ವಿ ಅಕ್ಕ. ಹೇಳಿದ್ರೆ ನೀವು ತಿಂತಿರಲಿಲ್ವಲ್ಲ!" ಎಂದರು. ಈ ಉತ್ತರವನ್ನು ಸ್ವಲ್ಪ ನಿಂತು ನೋಡಿ. ಹೇಳಿದ್ದರೆ ನಾನು ತಿನ್ನುತ್ತಿರಲಿಲ್ಲ, ನಿಜ. ಹೇಳಬೇಕಾದದ್ದು ಅದಕ್ಕಾಗಿಯೇ ಅಲ್ಲವೇ? ನಾನು ತಿಂದೆ ಎಂಬ ಅವರ ಎರಡು ನಿಮಿಷದ ಸಂತೋಷಕ್ಕೆ ನಾನು ಇಪ್ಪತ್ತು ದಿನ ತೆತ್ತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ತಿನ್ನಿಸಿದ್ದು ಮೊದಲ ಪೆಟ್ಟು. ಎರಡನೆಯ ಪೆಟ್ಟು "ಇನ್ನೂ ವಾಸಿಯಾಗಿಲ್ವಾ?" ಎಂಬ ಪ್ರಶ್ನೆ. ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ, ಮನೆಯಲ್ಲಿ ಕೇಳುತ್ತಾರೆ, ರಜೆ ಚೀಟಿ ಕೈಯಲ್ಲಿ ಹಿಡಿದವರು ಹುಬ್ಬೇರಿಸಿ ಕೇಳುತ್ತಾರೆ. ತಿಂದದ್ದು ಎರಡು ದಿನದಲ್ಲಿ ಹೊಟ್ಟೆಯಿಂದ ಹೋಗಿರಬೇಕಲ್ಲ ಎಂಬುದು ಅವರ ತರ್ಕ. ರೈತರ ಮನೆಯಿಂದ ಬಂದವರಿಗೆ ಇದು ಬೇಗ ತಿಳಿದೀತು. ಪೈರಿನೊಳಗೆ ದನ ನುಗ್ಗಿದರೆ ಅದನ್ನು ಹೊಡೆದು ಓಡಿಸಲು ಹತ್ತು ನಿಮಿಷ ಸಾಕು. ದನ ಹೋಯಿತೆಂದು ತುಳಿದ ಪೈರು ಮರುದಿನ ಎದ್ದು ನಿಲ್ಲುತ್ತದೆಯೇ? ಗ್ಲುಟೆನ್ ಹೊಟ್ಟೆಯಿಂದ ಹೋದರೂ ಅದು ಎಬ್ಬಿಸಿದ ಉರಿಯೂತ ತಣಿಯಲು ಸಮಯ ಬೇಕು. ಕೆಲವರಿಗೆ ಒಂದೆರಡು ದಿನ, ಕೆಲವರಿಗೆ ವಾರಗಳು. ಕಾಯಿಲೆ ಗೊತ್ತಾಗಿ ಪಥ್ಯ ಹಿಡಿದ ಮೇಲೂ ದೊಡ್ಡವರ ಕರುಳು ಪೂರ್ತಿ ಮಾಗಲು ತಿಂಗಳುಗಳು, ಎಷ್ಟೋ ಸಲ ವರ್ಷಗಳೇ ಹಿಡಿಯುತ್ತವೆ. ಮೂಳೆ ಮುರಿದವನಿಗೆ ಪ್ಲಾಸ್ಟರು ಕಾಣುತ್ತದೆ, ಅವನನ್ನು ಯಾರೂ "ಇನ್ನೂ ಓಡ್ತಿಲ್ವಾ?" ಎಂದು ಕೇಳುವುದಿಲ್ಲ. ಕರುಳಿಗೆ ಪ್ಲಾಸ್ಟರು ಹಾಕುವಂತಿಲ್ಲ, ಅದೇ ನಮ್ಮ ಅಪರಾಧ.

"ಅಷ್ಟೆಲ್ಲ ಯಾರು ನೋಡ್ಕೊಂಡು ಅಡುಗೆ ಮಾಡ್ತಾರೆ? ಒಂದೇ ಸೌಟು ತಾಗಿದ್ರೆ ಏನಂತೆ?" ಎಂದು ಕೇಳುವ ಅಕ್ಕತಂಗಿಯರಿಗೆ ನನ್ನದೊಂದು ಮರುಪ್ರಶ್ನೆ. ಮುಸುರೆ ಎಂಬ ಮಾತು ನಿಮಗೆ ಗೊತ್ತಿಲ್ಲವೇ? ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಮೊಸರಿನ ಪಾತ್ರೆ ಮುಟ್ಟಿದರೆ ನಮ್ಮ ಅಜ್ಜಿಯರು ಬಿಡುತ್ತಿದ್ದರೇ? ಏಕಾದಶಿಯ ದಿನ ಉಪವಾಸವಿದ್ದ ಅತ್ತೆಗೆ "ಒಂದು ಅಗಳು ತಿನ್ನಿ, ಏನೂ ಆಗಲ್ಲ" ಎನ್ನುವ ಧೈರ್ಯ ಯಾವ ಸೊಸೆಗಿದೆ? ಈರುಳ್ಳಿ ತಿನ್ನದವರು ಊಟಕ್ಕೆ ಬಂದರೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಒಗ್ಗರಣೆ ಎಲ್ಲ ತಾನಾಗಿಯೇ ಆಗುತ್ತದೆ. ಮಡಿ ಮೈಲಿಗೆಯ ಹೆಸರಿನಲ್ಲಿ ಮನುಷ್ಯರನ್ನು ಹೊರಗಿಟ್ಟದ್ದಕ್ಕೆ ನಾನು ಖಂಡಿತ ವಕಾಲತ್ತು ವಹಿಸುತ್ತಿಲ್ಲ. ನಾನು ಹೇಳುವುದು ಇಷ್ಟೇ. ಒಂದಕ್ಕೊಂದು ತಾಗದಂತೆ ಅಡುಗೆ ಮಾಡುವ ವಿದ್ಯೆ ನಮಗೆ ಚೆನ್ನಾಗಿ ಗೊತ್ತು. ದೇವರಿಗಾಗಿ, ವ್ರತಕ್ಕಾಗಿ, ಹಿರಿಯರ ಸಿಟ್ಟಿಗೆ ಹೆದರಿ ಬರುವ ಆ ವಿದ್ಯೆ ಕಾಯಿಲೆಯವಳ ಮುಂದೆ ಮಾತ್ರ ಏಕೆ ಮರೆತುಹೋಗುತ್ತದೆ?

"ಇದೆಲ್ಲ ಈಗಿನ ಫ್ಯಾಷನ್ನು, ತೆಳ್ಳಗಾಗೋಕೆ ಗೋಧಿ ಬಿಡ್ತಾರೆ" ಎಂಬ ಆಕ್ಷೇಪವೂ ಇದೆ. ಕಾಯಿಲೆಯಿಲ್ಲದೆ ಗೋಧಿ ಬಿಡುವವರು ಇದ್ದಾರೆ, ಒಪ್ಪುತ್ತೇನೆ. ಅವರು ಭಾನುವಾರ ಬಿಟ್ಟು ಸೋಮವಾರ ತಿಂದರೂ ನಷ್ಟವಿಲ್ಲ. ಅವರಿಂದಾಗಿ ನಮ್ಮ ಮಾತಿಗೆ ಬೆಲೆ ಹೋಯಿತು. ಬಾಯಾರದಿದ್ದರೂ ನೀರು ಕೇಳುವವರಿದ್ದಾರೆಂದು ಬಾಯಾರಿದವರಿಗೆ ನೀರು ಕೊಡದೆ ಇರುತ್ತೇವೆಯೇ?

ನನ್ನ ಮಟ್ಟಿಗೆ ಅತ್ಯಂತ ಒಳ್ಳೆಯ ಆತಿಥ್ಯ ಮಾಡಿದವರು ನಮ್ಮ ಬೀದಿಯ ಹಿಟ್ಟಿನ ಗಿರಣಿಯವರು. ರಾಗಿ ಬೀಸಲು ಡಬ್ಬ ತೆಗೆದುಕೊಂಡು ಹೋಗಿ ಕಾಯಿಲೆಯ ವಿಷಯ ಹೇಳಿದೆ. ಅವರು ಒಂದು ಗಳಿಗೆ ಯೋಚಿಸಿ, "ಈ ಕಲ್ಲಿನಲ್ಲಿ ದಿನಾ ಗೋಧಿ ಬೀಸ್ತೀವಮ್ಮ. ಎಷ್ಟು ಒರೆಸಿದರೂ ಇದ್ದೇ ಇರುತ್ತೆ. ನಿಮ್ಮ ರಾಗಿ ಇಲ್ಲಿ ಬೇಡ" ಎಂದು ಡಬ್ಬ ವಾಪಸು ಕೊಟ್ಟರು. ಬಂದ ವ್ಯಾಪಾರ ಬಿಟ್ಟರು, ನಿಜ ಹೇಳಿದರು. ಕೋಡುಬಳೆ ಕೊಟ್ಟವರ ಪ್ರೀತಿಗಿಂತ ಡಬ್ಬ ತಿರುಗಿಸಿ ಕೊಟ್ಟ ಈ ಪ್ರೀತಿ ದೊಡ್ಡದೆಂದು ನಾನು ಈಗಲೂ ಹೇಳುತ್ತೇನೆ. ಆಮೇಲೆ ಮನೆಗೇ ಒಂದು ಸಣ್ಣ ಗಿರಣಿ ತಂದೆವು. ರಾಗಿ, ಜೋಳ, ಸಜ್ಜೆ, ನವಣೆ, ಅಕ್ಕಿ ಇಷ್ಟೂ ಇರುವ ನಾಡಿನಲ್ಲಿ ಗೋಧಿಯಿಲ್ಲದೆ ಹಸಿದು ಸಾಯಬೇಕಾಗಿಲ್ಲ. ಆರಿಸಿ ತೊಳೆದು ನಮ್ಮ ಗಿರಣಿಯಲ್ಲಿ ಬೀಸಿದರಾಯಿತು.

ಇದೇ ಕಷ್ಟದಲ್ಲಿರುವ ಓದುಗರಿದ್ದರೆ ಅವರಿಗೆ ಎರಡು ಮಾತು. ಆ ದಿನಗಳಲ್ಲಿ ಹೊಟ್ಟೆ ತೊಳೆಯುತ್ತೇವೆಂದು ಹರಳೆಣ್ಣೆ ಕುಡಿಸುವವರ ಮಾತು ಕೇಳಬೇಡಿ, ನೊಂದ ಕರುಳಿಗೆ ಅದು ಇನ್ನೊಂದು ಹೊಡೆತ. ಭೇದಿಯಾಗುವಾಗ ಓಆರ್‌ಎಸ್ ನೀರು, ಆಮೇಲೆ ಅಕ್ಕಿ ಗಂಜಿ, ಮೆತ್ತಗೆ ಬೆಂದ ಅನ್ನ, ಹೆಸರುಬೇಳೆ. ಹಾಲು ಜೀರ್ಣಿಸುವ ಶಕ್ತಿ ಕರುಳಿನ ಆ ಎಳೆಗಳ ತುದಿಯಲ್ಲೇ ಇರುವುದರಿಂದ ಕೆಲವರಿಗೆ ಸ್ವಲ್ಪ ದಿನ ಹಾಲು ಒಗ್ಗದೆ ಇರಬಹುದು, ಗಮನಿಸಿ. ನಿದ್ದೆ ಮಾಡಿ, ಅದು ಸೋಮಾರಿತನವಲ್ಲ. ಏನು ತಿಂದಿರಿ, ಎಂದು ಏನಾಯಿತು ಎಂದು ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ವಾರಗಳು ಕಳೆದರೂ ಕಡಿಮೆಯಾಗದಿದ್ದರೆ, ತೂಕ ಇಳಿದರೆ, ಜ್ವರ ಬಂದರೆ, ರಕ್ತ ಕಂಡರೆ ಎಲ್ಲವನ್ನೂ ಆ ಕೋಡುಬಳೆಯ ತಲೆಗೆ ಕಟ್ಟದೆ ವೈದ್ಯರಲ್ಲಿಗೆ ಹೋಗಿ. ಗೊತ್ತಿಲ್ಲದಂತೆ ದಿನಾ ಗ್ಲುಟೆನ್ ಒಳಗೆ ಹೋಗುತ್ತಿರಬಹುದು, ಥೈರಾಯ್ಡಿನಂಥ ಬೇರೆ ತೊಂದರೆಯೂ ಇರಬಹುದು.

ಉಳಿದವರಿಂದ ನಾನು ಕೇಳುವುದು ಹೆಚ್ಚೇನಲ್ಲ. ನನಗಾಗಿ ಬೇರೆ ಅಡುಗೆ ಮಾಡಬೇಡಿ. ಡಬ್ಬಿಯಲ್ಲಿ ನನ್ನ ಊಟ ನಾನೇ ತಂದರೆ ಅದನ್ನು ನಿಮ್ಮ ಮನೆಗೆ ಅವಮಾನವೆಂದು ತಿಳಿಯಬೇಡಿ. ತಿಂಡಿಯಲ್ಲಿ ಏನಿದೆ ಎಂದು ಕೇಳಿದರೆ ಇದ್ದದ್ದನ್ನು ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಹದಿನೈದನೆಯ ದಿನವೂ ಸುಸ್ತು ಎಂದರೆ ನಂಬಿ. ನಾನು ದೊಡ್ಡವಳು, ಜಗಳವಾಡಿಯಾದರೂ ಬದುಕುತ್ತೇನೆ. ತರಗತಿಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಕೇಕು ಹಂಚುವಾಗ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವ ಮಗುವೊಂದು ಇದ್ದರೆ ಅದಕ್ಕೆ ನನ್ನಷ್ಟು ಬಾಯಿ ಇರುವುದಿಲ್ಲ. "ತಿನ್ನು ಪುಟ್ಟಾ, ಏನೂ ಆಗಲ್ಲ" ಎನ್ನುವ ಮುಂಚೆ ಟೀಚರಾದವರು, ಪಕ್ಕದ ಮನೆಯ ಆಂಟಿಯಾದವರು, ಅಜ್ಜಿಯಾದವರು ಒಮ್ಮೆ ಆ ಮಗುವಿನ ಅಮ್ಮನನ್ನು ಕೇಳಿ.